ಜನರಿಲ್ಲದ ಫೋಟೋಗಳು

ಮೈಸೂರು
೨ ಸೆಪ್ಟೆಂಬರ್ ೨೦೨೪

ಮುನೇರಾ,

ಪುಸ್ತಕ ಒಪ್ಪಿಗೆಯಾಯಿತು! ಇಲ್ಲಿನ ಪ್ರಕಾಶಕರು ನಿನ್ನೆ ಫೋನ್ ಮಾಡಿದ್ದರು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಓಣಿ, ಸಂತೆ, ಬಾವಿಕಟ್ಟೆ, ಬಸ್ ಸ್ಟ್ಯಾಂಡು. ಅರಮನೆ ಬೇಡ, ಅದು ಎಲ್ಲ ಪುಸ್ತಕಗಳಲ್ಲೂ ಇದೆ. ದಿನಾ ಜನ ಓಡಾಡುವ ಜಾಗ ಬೇಕು. ಬರವಣಿಗೆ ನನ್ನದು, ಫೋಟೋ ನಿನ್ನದು. ಮುಖಪುಟದ ಮೇಲೆ ಇಬ್ಬರ ಹೆಸರೂ ಒಂದೇ ಅಳತೆಯಲ್ಲಿ ಬರಬೇಕು ಎಂದು ಮೊದಲೇ ಹೇಳಿಬಿಟ್ಟಿದ್ದೇನೆ.

ನಿನ್ನ ತಕರಾರು ನನಗೆ ಗೊತ್ತು. ‘ನಾ ಮದುವಿ ಮನ್ಯಾಗ ಹೆಣ್ಮಕ್ಕಳ ಫೋಟೋ ತಗಿಯಾಕಿ, ನನಗ್ಯಾಕ ಬೀದಿ?’ ಅನ್ನುತ್ತೀಯ. ಅದಕ್ಕೇ ನೀನು ಬೇಕು. ಗಂಡಸು ಫೋಟೋಗ್ರಾಫರ್ ಬೇಡ ಎನ್ನುವ ಮನೆಗಳೆಲ್ಲ ಹದಿನಾಲ್ಕು ವರ್ಷದಿಂದ ನಿನ್ನನ್ನೇ ಕರೆಯುತ್ತಿವೆ. ಅರಿಶಿನ, ಮೆಹೆಂದಿ, ಬಸುರಿಯರ ಕುಬಸ, ತೊಟ್ಟಿಲು, ಯಾವ ಜಾತಿಯ ಮನೆಯಾದರೂ ಒಳಕೋಣೆಯವರೆಗೆ ನಿನಗೆ ದಾರಿ ಇದೆ. ಅಲ್ಲಿ ನಿನ್ನ ಕ್ಯಾಮೆರಾ ಮುಂದೆ ಹೆಂಗಸರು ನಗುತ್ತಾರಲ್ಲ, ಆ ನಗು ಬೀದಿಯಲ್ಲಿ ಬೇಕು ನನಗೆ.

ಒಂದು ಷರತ್ತು. ವಾಟ್ಸಾಪಿನಲ್ಲಿ ಮೂರು ಶಬ್ದ ಬರೆದು ಕಳಿಸಬೇಡ. ಪ್ರಿಂಟ್ ಹಾಕಿಸಿ, ಜೊತೆಗೆ ಅಲ್ಲಿ ಏನು ನೋಡಿದೆ, ಯಾರು ಏನೆಂದರು ಎಂದು ಕೈಯಾರೆ ಬರೆದು ಅಂಚೆಗೆ ಹಾಕು. ಫೋನಿನಲ್ಲಿ ಆಡಿದ್ದು ಗಾಳಿಗೆ ಹೋಗುತ್ತದೆ. ನಿನ್ನ ಕಾಗದಗಳನ್ನು ಇಟ್ಟುಕೊಂಡೇ ನಾನು ಬರೆಯಬೇಕು. ಜಮಖಂಡಿ ಕಾಲೇಜಿನ ಬೆಂಚಿನ ಮೇಲೆ ನನ್ನ ನೋಟ್ಸಿನ ಅಂಚಿನಲ್ಲಿ ಗೀಚುತ್ತಿದ್ದೆಯಲ್ಲ, ಹಾಗೆ ಗೀಚು.

ಹೂಂ ಅನ್ನು.

ತ್ರಿಶಲಾ


ಜಮಖಂಡಿ
೧೯ ಸೆಪ್ಟೆಂಬರ್ ೨೦೨೪

ತ್ರಿಶಲಾ,

ಹೂಂ. ಸಾಕಾ?

ಅಮ್ಮಿಗೆ ಹೇಳಿದೆ. ಯಾರ ಮನೆಯ ಕಾರ್ಯ ಎಂದು ಕೇಳಿದಳು. ಯಾರ ಮನೆಯದೂ ಅಲ್ಲ, ಬರೀ ಬೀದಿ ಅಂದೆ. ಬೀದಿಯ ಫೋಟೋ ಯಾರು ಗೋಡೆಗೆ ಹಾಕಿಕೊಳ್ಳುತ್ತಾರೆ ಎಂದು ಅವಳ ಪ್ರಶ್ನೆ.

ಮೊನ್ನೆ ರಬಕವಿಗೆ ಹೋದೆ. ನೇಕಾರರ ಓಣಿ ಮುಟ್ಟಿದಾಗ ಬೆಳಿಗ್ಗೆ ಆರೂವರೆ. ಮಗ್ಗಗಳು ಇನ್ನೂ ಶುರುವಾಗಿರಲಿಲ್ಲ. ಆ ಓಣಿ ಅಷ್ಟು ಸುಮ್ಮನಿರುವುದನ್ನು ನೀನು ಎಂದೂ ಕೇಳಿರಲಾರೆ. ಬಣ್ಣ ಹಾಕಿದ ನೂಲನ್ನು ಗಳದ ಮೇಲೆ ಒಣಗಲು ಬಿಟ್ಟಿದ್ದರು. ಹಸಿರು ನೂಲಿನಿಂದ ಹಸಿರು ನೀರು ತೊಟ್ಟಿಕ್ಕಿ ನೆಲಕ್ಕೆ ಹಾಸಿದ ಫರಸಿಕಲ್ಲಿನ ಮೇಲೆ ಹರಿದಿತ್ತು. ಒಂಬತ್ತು ಫೋಟೋ ಕಳಿಸಿದ್ದೇನೆ. ಮೂರನೆಯದು ನನಗೆ ಇಷ್ಟ.

ಅನಸವ್ವ ಅಂತ ಒಬ್ಬ ಮುದುಕಿ ಅಂಗಳ ಗುಡಿಸುತ್ತಿದ್ದಳು. ಪಕ್ಕದ ಮನೆಯವಳು ಕೂಗಿದ್ದರಿಂದ ಹೆಸರು ಗೊತ್ತಾಯಿತು. ಕಸಬರಿಗೆ ನಿಲ್ಲಿಸಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ‘ಈ ಓಣ್ಯಾಗ ನಿಮ್ಮವರ ಮನಿ ಇಲ್ಲಲ್ಲ ಬೇ?’ ಎಂದಳು. ಇಲ್ಲ, ನೂಲು ನೋಡಲು ಬಂದೆ ಅಂದೆ. ‘ನೂಲ್ ಏನ್ ನೋಡ್ತಿ, ನೂಲ್ ನೂಲ ಇರ್ತೈತಿ’ ಎಂದಳು. ನನಗೂ ನಗು ಬಂತು. ಬಸ್ಸಿಗೆ ಹೊತ್ತಾಗಿತ್ತು, ಬಂದುಬಿಟ್ಟೆ.

ಮುನೇರಾ


ಮೈಸೂರು
೪ ಅಕ್ಟೋಬರ್ ೨೦೨೪

ಮುನೇರಾ,

ಬಣ್ಣ ಅದ್ಭುತ. ಹಸಿರು ನೀರಿನ ಫೋಟೋವನ್ನು ಪ್ರಕಾಶಕರು ಹತ್ತು ನಿಮಿಷ ನೋಡಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: ‘ಊರಲ್ಲಿ ಕರ್ಫ್ಯೂ ಇತ್ತಾ ಮೇಡಂ?’

ಒಂಬತ್ತು ಫೋಟೋದಲ್ಲಿ ಒಂದು ಜೀವ ಇಲ್ಲ, ಒಂದು ನಾಯಿ ಬಿಟ್ಟರೆ. ಅನಸವ್ವ ಎಲ್ಲಿ? ಮುದುಕಿ ತಾನಾಗಿ ಮಾತಾಡಿಸಿದ್ದಾಳೆ, ಕೈಯಲ್ಲಿ ಕಸಬರಿಗೆ, ಹಿಂದೆ ಹಸಿರು ನೂಲು. ನೀನು ಬಸ್ಸು ಹಿಡಿಯಲು ಓಡಿದ್ದೀಯ! ಇಷ್ಟು ನಾಚಿಕೆ ಯಾವಾಗಿನಿಂದ ನಿನಗೆ? ಬೆಳ್ಳಂಬೆಳಿಗ್ಗೆ ಹೋಗುವುದನ್ನು ಬಿಡು. ಹತ್ತು ಗಂಟೆಗೆ ಹೋಗು, ಮಗ್ಗ ನಡೆಯುವಾಗ, ಹೆಂಗಸರು ನೂಲಿನ ಕಂಡಿಕೆ ಸುತ್ತುವಾಗ. ನಕ್ಕು ಮಾತಾಡಿಸು. ನಮ್ಮ ಕಡೆ ಜನಕ್ಕೆ ಫೋಟೋ ಅಂದರೆ ಸಾಕು, ಕೂದಲು ಬಾಚಿಕೊಂಡು ಬಂದು ನಿಲ್ಲುತ್ತಾರೆ. ನಮ್ಮೂರು ತೇರದಾಳದಲ್ಲಿ ನಾನು ಬರೀ ಮೊಬೈಲ್ ಎತ್ತಿದರೂ ಓಣಿಗೆ ಓಣಿಯೇ ಸೇರುತ್ತದೆ.

ಮುಂದಿನ ಸಲ ಮುಖಗಳು ಬೇಕು.

ತ್ರಿಶಲಾ


ಜಮಖಂಡಿ
೨೭ ಅಕ್ಟೋಬರ್ ೨೦೨೪

ತ್ರಿಶಲಾ,

ನಿನ್ನ ಮಾತು ಕೇಳಿ ಹಗಲಿನಲ್ಲೇ ಮಹಾಲಿಂಗಪುರಕ್ಕೆ ಹೋದೆ, ಬೆಲ್ಲದ ಪೇಟೆಗೆ. ನಾಲ್ಕು ಊರುಗಳ ಪಟ್ಟಿಯಲ್ಲಿ ಅದು ಇಲ್ಲ, ಆದರೆ ದಾರಿಯಲ್ಲೇ ಇದೆ. ಹೊಸ ಬೆಲ್ಲ ಈಗಷ್ಟೇ ಬರುತ್ತಿದೆ. ಬೆಲ್ಲದ ದೊಡ್ಡ ಅಚ್ಚುಗಳನ್ನು, ಆ ಪೆಂಟೆಗಳನ್ನು, ಇಳಿಸುವ ಹಮಾಲರ ಮೈಗೆಲ್ಲ ಬೆಲ್ಲದ ಬಣ್ಣ, ನೊಣ, ಬಿಸಿಲು. ನೀನಿದ್ದರೆ ಕುಣಿಯುತ್ತಿದ್ದೆ.

ಆದರೆ ಒಂದು ಮಾತು ಹೇಳಬೇಕು. ಕ್ಯಾಮೆರಾ ಎತ್ತುವುದು ನಿನಗೆ ಒಂದು ಕೆಲಸ. ನನಗೆ ಎತ್ತುವ ಮೊದಲು ಬೇಕಾದಷ್ಟು ಕೆಲಸ ಇರುತ್ತದೆ. ಹಿಂದೆ ಗುಡಿಯ ಕಳಸ ಬರುತ್ತದೆಯೇ? ಯಾವುದಾದರೂ ಧ್ವಜ ಇದೆಯೇ? ಪೊಲೀಸ್ ಜೀಪು ನಿಂತಿದೆಯೇ? ಮಕ್ಕಳ ಸಾಲಿ ಬಿಡುವ ಹೊತ್ತೇ? ನಲ್ಲಿಯ ಹತ್ತಿರ ಹೆಂಗಸರು ಇದ್ದಾರೆಯೇ? ಗುಂಪಿನಲ್ಲಿ ಯಾರಾದರೂ ಆಗಲೇ ನನ್ನನ್ನೇ ನೋಡುತ್ತಿದ್ದಾರೆಯೇ? ಇಷ್ಟು ನೋಡಿ ಮುಗಿಸುವಷ್ಟರಲ್ಲಿ ನಗುತ್ತಿದ್ದವನ ನಗು ಮುಗಿದಿರುತ್ತದೆ.

ಬೆಲ್ಲದ ದಲಾಲಿಯ ಅಡತಿ ಅಂಗಡಿಯಿಂದ ಒಬ್ಬರು ಇಳಿದು ಬಂದರು. ದನಿ ಒರಟಾಗಿರಲಿಲ್ಲ, ಅದನ್ನು ಹೇಳಬೇಕು.

‘ಬಾಯಾರ, ಬೆಲ್ಲದ್ದ ಫೋಟೋ ಯಾಕ ಬೇಕ್ರಿ ನಿಮಗ?’

‘ಪುಸ್ತಕಕ್ಕರಿ.’

‘ಯಾರ ಪುಸ್ತಕ? ಆಧಾರ ಕಾರ್ಡ್ ಐತೇನು? ತಪ್ಪ ತಿಳೀಬ್ಯಾಡ್ರಿ, ಈಗಿನ ದಿನಮಾನ ಹಂಗೈತಿ.’

ತೋರಿಸಿದೆ. ಓದಿ, ತಿರುವಿ, ತಮ್ಮ ಮೊಬೈಲಿನಲ್ಲಿ ಅದರ ಫೋಟೋ ತೆಗೆದುಕೊಂಡರು. ಆಮೇಲೆ, ಜನರ ಮುಖ ಬಂದ ಫೋಟೋ ಅಳಿಸಿಬಿಡಿ ಎಂದರು. ಅಳಿಸಿದೆ. ಅದೇ ಹೊತ್ತಿಗೆ ಇಬ್ಬರು ಪೆಂಟೆಯ ರಾಶಿ ಹತ್ತಿ ರೀಲ್ಸ್ ಮಾಡುತ್ತಿದ್ದರು. ಅವರ ಆಧಾರ್ ಯಾರೂ ಕೇಳಲಿಲ್ಲ.

ಉಳಿದದ್ದು ಕಳಿಸಿದ್ದೇನೆ. ಪ್ರಕಾಶಕರ ಲೆಟರ್‌ಹೆಡ್ಡಿನ ಮೇಲೆ ಒಂದು ಪತ್ರ ಬೇಕು ನನಗೆ. ಇವಳು ಇಂಥ ಕೆಲಸಕ್ಕೆ ಫೋಟೋ ತೆಗೆಯುತ್ತಿದ್ದಾಳೆ ಎಂದು, ಸಹಿ ಮತ್ತು ಮೊಹರಿನ ಸಿಕ್ಕೆಯ ಜೊತೆ. ಬೇಗ ಕಳಿಸುತ್ತೀಯಾ?

ಮುನೇರಾ


ಮೈಸೂರು
೮ ನವೆಂಬರ್ ೨೦೨೪

ಮುನೇರಾ,

ಪರೀಕ್ಷೆಯ ಪೇಪರು ತಿದ್ದುವುದರಲ್ಲಿ ಮುಳುಗಿದ್ದೇನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಬೆಲ್ಲದ ಫೋಟೋಗಳು ಬಂದವು. ಈ ಸಲ ಜನ ಇದ್ದಾರೆ, ಆದರೆ ಎಲ್ಲ ಬೆನ್ನು! ಹಮಾಲರ ಬೆನ್ನು, ಎತ್ತಿನ ಬೆನ್ನು, ಮುದುಕನ ಬೆನ್ನು. ಚಂದದ ಬೆನ್ನುಗಳೇ, ಒಪ್ಪಿದೆ. ಆದರೆ ಪುಸ್ತಕ ಜನವರಿ ಕೊನೆಗೆ ಅಚ್ಚಿಗೆ ಹೋಗಬೇಕು.

ಆ ಅಡತಿಯವರ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಹೊಸಬರನ್ನು ಕಂಡರೆ ಎಲ್ಲರನ್ನೂ ಹಾಗೇ ಕೇಳುತ್ತಾರೆ.

ಇನ್ನೊಂದು. ಸಿಟ್ಟಾಗಬೇಡ. ಕಾಲೇಜಿನಲ್ಲಿ ನೀನು ಬರೀ ಓಡಣಿ ಹಾಕುತ್ತಿದ್ದೆ. ಫೋಟೋ ತೆಗೆಯಲು ಹೋಗುವಾಗ ಮಾತ್ರ ಬುರ್ಖಾ ಬಿಟ್ಟರೆ ಸುಲಭವಾದೀತೇನೋ. ಒಂದು ದಿನ ಮಾಡಿ ನೋಡು.

ತ್ರಿಶಲಾ


ಜಮಖಂಡಿ
೨೦ ನವೆಂಬರ್ ೨೦೨೪

ತ್ರಿಶಲಾ,

ಲೆಟರ್‌ಹೆಡ್ಡಿನ ಪತ್ರ ನಿನ್ನ ಲಕೋಟೆಯಲ್ಲಿ ಇರಲಿಲ್ಲ. ಎರಡು ಸಲ ಜಾಡಿಸಿ ನೋಡಿದೆ.

ನೀನು ಹೇಳುವ ಮೊದಲೇ ಅದನ್ನು ಮಾಡಿ ನೋಡಿದ್ದೆ. ನಿನಗೆ ಹೇಳಿರಲಿಲ್ಲ, ಅಷ್ಟೇ. ನವೆಂಬರ್ ಮೊದಲ ವಾರ ಮುಧೋಳದ ಸಂತೆಗೆ ಹೋದೆ. ಬಸ್ ಸ್ಟ್ಯಾಂಡಿನ ಹೆಂಗಸರ ಕೋಣೆಯಲ್ಲಿ ಬುರ್ಖಾ ತೆಗೆದು ಚೀಲದಲ್ಲಿ ಮಡಚಿಟ್ಟೆ. ಸೀರೆಯ ಸೆರಗು ಹೊದ್ದು ಹೊರಗೆ ಬಂದೆ.

ಎಷ್ಟು ಸುಲಭವಾಗಿತ್ತು ಎಂದರೆ, ನನಗೆ ಅಳು ಬಂತು. ಯಾರೂ ತಿರುಗಿ ನೋಡಲಿಲ್ಲ. ಎಪ್ಪತ್ತು ಫೋಟೋ ತೆಗೆದೆ, ನಡುನೆತ್ತಿಯ ಬಿಸಿಲಿನಲ್ಲಿ, ಸಂತೆಯ ನಟ್ಟನಡುವೆ ನಿಂತು. ರನ್ನ ಬೆಳಗಲಿಯಿಂದ ಮೆಂತೆಪಲ್ಯೆ ತಂದು ಮಾರುವ ಹೆಂಗಸೊಬ್ಬಳು, ಭಾಗವ್ವ ಅಂತ, ತಾನಾಗಿ ಕರೆದಳು. ‘ಯಕ್ಕಾ, ನಂದೊಂದ ಹೊಡಿ! ಪಲ್ಯೆ ಸೂಡ ಹಿಡ್ಕೊಳ್ಳೇನು?’ ಸೊಪ್ಪಿನ ಆ ಕಟ್ಟನ್ನು ಹಸುಗೂಸಿನ ಹಾಗೆ ಎತ್ತಿಕೊಂಡು ನಕ್ಕಳು. ಮುಂದಿನ ಎರಡು ಹಲ್ಲಿಲ್ಲ. ಅಂಥ ನಗುವನ್ನು ನಾನು ಹದಿನಾಲ್ಕು ವರ್ಷದಲ್ಲಿ ಹತ್ತು ಸಲ ಕಂಡಿರಬಹುದು.

ಆಮೇಲೆ, ‘ಏನ್ ಯಕ್ಕಾ ನಿನ್ನ ಹೆಸರು?’ ಎಂದು ಕೇಳಿದಳು.

‘ಮಂಗಲಾ’ ಎಂದೆ.

ಯೋಚಿಸಿ ಹೇಳಿದ್ದಲ್ಲ. ಬಾಯಿಗೆ ಬಂತು. ‘ಛಲೋ ಹೆಸರ’ ಎಂದು ಒಂದು ಸೂಡು ಪಲ್ಯೆ ನನ್ನ ಚೀಲಕ್ಕೆ ಹಾಕಿದಳು, ಬುರ್ಖಾದ ಮೇಲೆಯೇ.

ವಾಪಸು ಬಸ್ಸಿನಲ್ಲಿ ನಮ್ಮ ಓಣಿಯ ಒಬ್ಬರು ಸೆರಗು ಹೊದ್ದ ನನ್ನನ್ನು ನೋಡಿದರು. ಮನೆ ಮುಟ್ಟುವ ಮೊದಲೇ ಅಮ್ಮಿಗೆ ಸುದ್ದಿ ಮುಟ್ಟಿತ್ತು. ಅವಳು ಬೈಯಲಿಲ್ಲ. ಯಾರಿಗೆ ಹೆದರಿ ತೆಗೆದೆ ಎಂದು ಕೇಳಿದಳು, ಅಷ್ಟೇ. ಬುರ್ಖಾ ನಾನಾಗಿ ಹಾಕಿಕೊಂಡದ್ದು, ತ್ರಿಶಲಾ. ಅಬ್ಬಾ ತೀರಿದ ವರ್ಷ. ಯಾರೂ ಹೇಳಿರಲಿಲ್ಲ. ಅದನ್ನು ತೆಗೆಯುವುದೂ ನಾನಾಗಿಯೇ ಆಗಬೇಕು.

ಆ ಫೋಟೋ ಕಳಿಸುವುದಿಲ್ಲ. ಅದನ್ನು ತೆಗೆದದ್ದು ನಾನಲ್ಲ, ಮಂಗಲಾ.

ಮುನೇರಾ


ಮೈಸೂರು
೩೦ ನವೆಂಬರ್ ೨೦೨೪

ಮುನೇರಾ,

ನಾನು ಹಾಗೆ ಬರೆಯಬಾರದಿತ್ತು, ತಪ್ಪಾಯಿತು. ಲೆಟರ್‌ಹೆಡ್ಡಿನ ಪತ್ರವನ್ನು ಇದರ ಜೊತೆಗೇ ಇಟ್ಟಿದ್ದೇನೆ, ಮರೆತದ್ದಕ್ಕೆ ಕ್ಷಮಿಸು.

ಆದರೂ ಒಂದು ಮಾತು. ಭಾಗವ್ವನ ಫೋಟೋ ಕಳಿಸು. ಅವಳು ನಕ್ಕದ್ದು ನಿಜ, ನೀನು ತೆಗೆದದ್ದು ನಿಜ. ಯಾವ ಹೆಸರು ಹೇಳಿದೆ ಎಂಬುದು ಫೋಟೋದಲ್ಲಿ ಕಾಣುವುದಿಲ್ಲ. ಮುಖಪುಟಕ್ಕೆ ಅಂಥದ್ದೇ ಬೇಕು ಎಂದು ಪ್ರಕಾಶಕರು ಹೇಳುತ್ತಿದ್ದಾರೆ.

ಬೀಳಗಿ ಒಂದು ಉಳಿದಿದೆಯಲ್ಲ? ಆ ಹಳೆಯ ಬಾವಿಯ ಮೆಟ್ಟಿಲುಗಳನ್ನು ಮರೆಯಬೇಡ. ಪತ್ರ ಕೈಯಲ್ಲಿದೆ, ಇನ್ನು ಯಾರೂ ಏನೂ ಅನ್ನುವುದಿಲ್ಲ.

ತ್ರಿಶಲಾ


ಮೈಸೂರು
೨೦ ಡಿಸೆಂಬರ್ ೨೦೨೪

ಮುನೇರಾ,

ಆರಾಮ ಇದ್ದೀಯಾ? ಫೋನ್ ಬಂದ್ ಇದೆ. ಬೀಳಗಿಗೆ ಹೋಗುವ ಅವಸರವೇನಿಲ್ಲ. ಪುಸ್ತಕ ತಡವಾದರೂ ನಡೆದೀತು. ಅಮ್ಮಿ ಹೇಗಿದ್ದಾರೆ? ಜೋಪಾನ.

ತ್ರಿಶಲಾ


ಮೈಸೂರು
೨ ಜನವರಿ ೨೦೨೫

ಮುನೇರಾ,

ಒಂದು ಸಾಲಾದರೂ ಬರೆ. ಫೋಟೋ ಬೇಡ, ಏನೂ ಬೇಡ. ನೀನು ಆರಾಮಾಗಿದ್ದೀಯ ಎಂದಷ್ಟು ತಿಳಿದರೆ ಸಾಕು.

ತ್ರಿಶಲಾ


ಜಮಖಂಡಿ
೧೧ ಜನವರಿ ೨೦೨೫

ತ್ರಿಶಲಾ,

ನಿನ್ನ ಎರಡೂ ಪತ್ರ ಬಂದವು. ‘ಜೋಪಾನ’ ಎಂದು ಬರೆದಿದ್ದೀಯ. ಇಪ್ಪತ್ತು ವರ್ಷದಲ್ಲಿ ನೀನು ನನಗೆ ಜೋಪಾನ ಎಂದು ಹೇಳಿದ್ದು ನೆನಪಿಲ್ಲ.

ಡಿಸೆಂಬರ್ ಹದಿನಾಲ್ಕಕ್ಕೆ ಬೀಳಗಿಗೆ ಹೋಗಿದ್ದೆ. ಬುರ್ಖಾ ಹಾಕಿಕೊಂಡೇ ಹೋದೆ. ನಿನ್ನ ಪತ್ರವನ್ನು ಪ್ಲಾಸ್ಟಿಕ್ ಹಾಳೆಯಲ್ಲಿಟ್ಟು ಚೀಲದ ಮೇಲಿನ ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಹನ್ನೊಂದು ಗಂಟೆ ಇರಬಹುದು. ಬಾವಿಯ ಮೆಟ್ಟಿಲು ಅರ್ಧ ಬಿಸಿಲು, ಅರ್ಧ ನೆರಳು. ಶನಿವಾರದ ಸಾಲಿ ಮುಗಿಸಿ ಬಂದ ನಾಲ್ಕು ಹುಡುಗಿಯರು ಅಲ್ಲಿ ಕೂತು ಬಾರೀಹಣ್ಣು ತಿನ್ನುತ್ತಿದ್ದರು. ಕೇಳಿಯೇ ತೆಗೆದೆ. ಹೂಂ ಎಂದರು. ಒಬ್ಬಳು ಜಡೆ ಮುಂದೆ ಹಾಕಿಕೊಂಡಳು.

ಮೇಲಿಂದ ಒಬ್ಬ ಕೂಗಿದ. ‘ಏ, ಯಾರ್ ನೀ? ಹುಡುಗೂರ ಫೋಟೋ ಯಾಕ ತಗ್ಯಾಕತ್ತಿ?’ ಮೇಲೆ ಹತ್ತಿ ಬಂದೆ. ಬರುವಷ್ಟರಲ್ಲಿ ಐದು ಜನ, ಆಮೇಲೆ ಹದಿನೈದು, ಆಮೇಲೆ ಎಣಿಸಲಿಲ್ಲ. ಆ ವಾರ ಮಕ್ಕಳನ್ನು ಕದಿಯುವವರು ಬುರ್ಖಾ ಹಾಕಿಕೊಂಡು ಬರುತ್ತಾರೆ ಎಂಬ ಸುದ್ದಿ ಮೊಬೈಲಿನಲ್ಲಿ ಓಡಾಡುತ್ತಿತ್ತಂತೆ. ನನಗೆ ಗೊತ್ತಿರಲಿಲ್ಲ. ಪತ್ರ ತೆಗೆದು ತೋರಿಸಿದೆ. ಒಬ್ಬ ಓದಿದ. ‘ಮೈಸೂರಂತ ಬರದೈತಿ. ಮೈಸೂರವ್ರಿಗೆ ನಮ್ಮ ಬಾಂವಿ ಯಾಕಬೇಕು?’ ಎಂದ. ಇನ್ನೊಬ್ಬ, ‘ಗಂಡಸ ಇರಬೇಕ ಒಳಗ, ಮುಖ ತಗಸ್ರಿ’ ಎಂದ. ಮುಖದ ಪರದೆ ನಾನೇ ಸರಿಸಿದೆ. ಮೊಬೈಲುಗಳು ಎದ್ದವು. ಒಂದು ಕೈ ನನ್ನ ತೋಳು ಹಿಡಿದಿತ್ತು. ಯಾರ ಕೈ ಎಂದು ಇವತ್ತಿಗೂ ಗೊತ್ತಿಲ್ಲ. ಚೀಲ ನೆಲಕ್ಕೆ ಸುರುವಿದರು. ಲೆನ್ಸು ಒಂದೊಂದೇ ಮೆಟ್ಟಿಲು ಉರುಳಿ ಬಿದ್ದ ಸದ್ದು ಕಿವಿಯಲ್ಲಿದೆ. ಜಡೆಯ ಹುಡುಗಿ ಅಳುತ್ತಿದ್ದಳು. ‘ಅವ್ರ ಕೇಳೇ ತಗದಾರ್ರಿ’ ಎನ್ನುತ್ತಿದ್ದಳು. ಅವಳ ಮಾತು ಯಾರಿಗೂ ಬೇಕಾಗಿರಲಿಲ್ಲ.

ಪೊಲೀಸರು ಬಂದು ಠಾಣೆಗೆ ಕರೆದೊಯ್ದರು. ಅವರು ಬಂದದ್ದಕ್ಕೇ ಉಳಿದೆ, ಅದನ್ನೂ ಹೇಳಬೇಕು. ಪತ್ರದ ಮೇಲಿನ ನಂಬರಿಗೆ ಫೋನ್ ಮಾಡಿದರು. ಎರಡನೇ ಶನಿವಾರ, ಯಾರೂ ಎತ್ತಲಿಲ್ಲ. ಎರಡೂವರೆ ತಾಸು ಬೆಂಚಿನ ಮೇಲೆ ಕೂತೆ. ಕೊನೆಗೆ ಶೇವಂತಿ ಅಂತ ಒಬ್ಬರು ಓಡಿ ಬಂದರು. ಹೋದ ವರ್ಷ ಅವರ ಮಗಳ ಕುಬಸಕ್ಕೆ ಹೋಗಿದ್ದೆ. ಯಾರದೋ ಮೊಬೈಲಿನಲ್ಲಿ ವಿಡಿಯೋ ನೋಡಿ ಬಂದಿದ್ದರು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ‘ಸಾಹೇಬ್ರ, ಇಕಿ ನನ್ನ ಮಗಳಿಗೆ ಹಸರ ಬಳಿ ಇಡಸೂವಾಗ ಬಾಜೂಕ ನಿಂತು ಫೋಟೋ ತಗದಾಕ್ರಿ. ಇಕಿ ಕಳ್ಳಿ ಆದ್ರ ನಾನೂ ಕಳ್ಳೀನ’ ಎಂದರು. ಬಿಟ್ಟರು. ಮೆಮೊರಿ ಕಾರ್ಡು ಸಿಗಲಿಲ್ಲ.

ವಿಡಿಯೋ ಎಷ್ಟು ಊರು ತಿರುಗಿತೋ. ಹುನ್ನೂರಿನಲ್ಲಿ ಒಪ್ಪಿಕೊಂಡಿದ್ದ ಎರಡು ತೊಟ್ಟಿಲ ಕಾರ್ಯದವರು ಬೇಡ ಎಂದು ಹೇಳಿಕಳಿಸಿದರು. ಒಳಮನೆಯ ಬಾಗಿಲೂ ಹಾಕಿತು. ಫೋನ್ ಬಂದ್ ಮಾಡಿ ಇಟ್ಟಿದ್ದೇನೆ. ಮನೆಯಲ್ಲಿ ಒಂದು ಕಡೆ ಕೂಡಲು ಆಗುವುದಿಲ್ಲ. ಕೂತರೆ ಏಳುತ್ತೇನೆ, ಎದ್ದರೆ ಬಾಗಿಲಿಗೆ ಹೋಗುತ್ತೇನೆ, ಬಾಗಿಲಿನಿಂದ ಒಳಗೆ ಬರುತ್ತೇನೆ.

ನಿನಗೆ ಇದು ಗೊತ್ತಿತ್ತೇ?

ಮುನೇರಾ


ಮೈಸೂರು
೧೯ ಜನವರಿ ೨೦೨೫

ಮುನೇರಾ,

ಗೊತ್ತಿತ್ತು.

ಹದಿನಾಲ್ಕರ ಸಂಜೆ ನಮ್ಮ ಮನೆತನದ ವಾಟ್ಸಾಪ್ ಗ್ರೂಪಿನಲ್ಲಿ ಆ ವಿಡಿಯೋ ಬಂತು. ಹಾಕಿದ್ದು ನನ್ನ ತಮ್ಮ ಶ್ರೇಯಸ. ‘ಬೀಳಗ್ಯಾಗ ಮಕ್ಕಳ ಕಳ್ಳಿ ಸಿಕ್ಕಾಳ, ಹುಷಾರ’ ಎಂದು ಬರೆದಿದ್ದ. ನಲವತ್ಮೂರು ಜನ ಇರುವ ಗ್ರೂಪು. ಮೊದಲ ಕ್ಷಣಕ್ಕೇ ನಿನ್ನ ಗುರುತು ಹಿಡಿದೆ. ‘ಇವಳು ಮುನೇರಾ, ನನ್ನ ಗೆಳತಿ, ನನ್ನ ಕೆಲಸಕ್ಕೇ ಹೋದವಳು’ ಎಂದು ಟೈಪ್ ಮಾಡಿದೆ. ಅಳಿಸಿದೆ. ಮೊದಲು ನಿನ್ನ ಹತ್ತಿರ ಮಾತಾಡೋಣ ಎಂದು ನನಗೆ ನಾನೇ ಹೇಳಿಕೊಂಡೆ. ನಿನ್ನ ಫೋನ್ ಬಂದ್ ಇತ್ತು. ಮರುದಿನ ಗ್ರೂಪಿನಲ್ಲಿ ಯಾರದೋ ಹುಟ್ಟುಹಬ್ಬ ಬಂತು, ಆ ವಿಡಿಯೋ ಮೇಲೆ ಹೋಯಿತು. ಮತ್ತೆ ಅದನ್ನು ಕೆಳಗೆ ತರಲು ನನಗೆ ಧೈರ್ಯವಾಗಲಿಲ್ಲ. ಹೆದರಿದ್ದು ಯಾರಿಗೆ? ಶ್ರೇಯಸನ ಸಿಟ್ಟಿಗಲ್ಲ. ‘ನಿನಗ್ಯಾಕ ಬೇಕಿತ್ತು ಇದೆಲ್ಲ’ ಎಂದು ಚಿಕ್ಕಪ್ಪಂದಿರು ಕೇಳುವ ಆ ಒಂದು ಮಾತಿಗೆ. ಅಷ್ಟಕ್ಕೇ.

ನೀನು ಠಾಣೆಯ ಬೆಂಚಿನ ಮೇಲೆ ಕೂತಿದ್ದೆ. ನಾನು ಒಂದು ತಿಂಗಳಿಗೂ ಮೇಲೆ ನನ್ನ ಮನೆಯ ಕುರ್ಚಿಯ ಮೇಲೆ ಕೂತಿದ್ದೆ.

ನಿನ್ನ ಪತ್ರ ಬಂದ ದಿನ ಗ್ರೂಪಿನಲ್ಲಿ ಬರೆದೆ, ಎಲ್ಲವನ್ನೂ, ನಿನ್ನ ಹೆಸರು ಹಾಕಿ. ಇಬ್ಬರು ಗ್ರೂಪ್ ಬಿಟ್ಟರು. ಶ್ರೇಯಸ ಫೋನ್ ಮಾಡಿ, ‘ಅಕ್ಕಾ, ಬಂದದ್ದ ಮುಂದ ದೂಡೇನಿ ಅಷ್ಟ, ನನಗೇನ್ ಗೊತ್ತು?’ ಎಂದ. ಅವನಿಗೆ ಉತ್ತರ ಕೊಟ್ಟವಳು ನಮ್ಮ ಅಕ್ಕವ್ವಜ್ಜಿ. ಹಿಂದಿನಿಂದ ಅವಳ ದನಿ ಕೇಳಿತು: ‘ಕಾಲೇಜಿನ್ಯಾಗ ನಮ್ಮನಿಗೆ ಬಂದಾಗ, ಜೈನರು ಹೊತ್ತ ಮುಣಗೂದ್ರಾಗ ಉಣಬೇಕಂತ ನನಗಿಂತ ಮೊದಲ ಎಲಿ ಹಾಕ್ತಿದ್ಲಲ್ಲೋ ಆ ಹುಡುಗಿ. ಆಕಿ ಗುರ್ತ ಸಿಗಲಿಲ್ಲೇನು ನಿನಗ?’ ಅವನು ಫೋನ್ ಇಟ್ಟ.

ಫೆಬ್ರುವರಿ ಒಂದಕ್ಕೆ ಬರುತ್ತೇನೆ. ರಜೆ ಹಾಕಿದ್ದೇನೆ. ನೀನು ಎಲ್ಲಿಗೆ ಹೋದರೂ ನಿನ್ನ ಪಕ್ಕದಲ್ಲಿ ನಿಲ್ಲುತ್ತೇನೆ. ಕೇಳುವವರು ನನ್ನನ್ನು ಕೇಳಲಿ.

ತ್ರಿಶಲಾ


ಜಮಖಂಡಿ
೨೭ ಜನವರಿ ೨೦೨೫

ತ್ರಿಶಲಾ,

ಬಾ. ಉಣ್ಣಲು ಬಾ. ಅಮ್ಮಿ ನಿನಗೆ ಬಳ್ಳೊಳ್ಳಿ ಉಳ್ಳಾಗಡ್ಡಿ ಹಾಕದೆ ಅಡುಗೆ ಮಾಡುತ್ತಾಳೆ. ನನ್ನ ಪಕ್ಕದಲ್ಲಿ ನಿಲ್ಲಲು ಬರಬೇಡ.

ನಿನ್ನ ಮೇಲೆ ಸಿಟ್ಟಿದೆ. ಆ ಮಂದಿಯ ಮೇಲೆ ಇಲ್ಲದಷ್ಟು ಸಿಟ್ಟು ನಿನ್ನ ಮೇಲಿದೆ. ಅವರಿಗೆ ನಾನು ಯಾರೆಂದು ಗೊತ್ತಿರಲಿಲ್ಲ. ಅದು ಯಾವಾಗ ಹೋಗುತ್ತದೋ ನನಗೂ ಗೊತ್ತಿಲ್ಲ. ಆದರೂ ಗ್ರೂಪಿನಲ್ಲಿ ಬರೆದದ್ದು ಒಳ್ಳೆಯದಾಯಿತು.

ನೀನು ಪಕ್ಕದಲ್ಲಿ ನಿಂತರೆ ಅವರು ನಗುತ್ತಾರೆ, ಚಹಾ ಕೊಡುತ್ತಾರೆ, ಕೂದಲು ಬಾಚಿಕೊಂಡು ಬರುತ್ತಾರೆ. ನೀನು ಮೈಸೂರಿಗೆ ಹೋದ ಮರುದಿನ? ಆವತ್ತು ನಾನು ಮತ್ತೆ ಮಂಗಲಾ ಆಗಬೇಕೇ?

ಮೊನ್ನೆ ಮುಧೋಳಕ್ಕೆ ಹೋಗಿದ್ದೆ. ಬುರ್ಖಾ ಹಾಕಿಕೊಂಡು ಭಾಗವ್ವನ ಮುಂದೆ ನಿಂತೆ. ಅವಳಿಗೆ ಗುರುತು ಸಿಗಲಿಲ್ಲ. ನಾನೇ ಹೇಳಿದೆ, ನನ್ನ ಹೆಸರು ಮಂಗಲಾ ಅಲ್ಲ, ಮುನೇರಾ ಅಂತ.

ಅವಳು ಕೈಯಲ್ಲಿದ್ದ ಪಲ್ಯೆ ಕೆಳಗಿಟ್ಟಳು. ‘ಮತ್ತ ಅವತ್ತ್ಯಾಕ ಸುಳ್ಳ ಹೇಳಿದಿ? ಖರೆ ಹೇಳಿದ್ರ ಕಚ್ಚತಿದ್ನೇನು?’ ಎಂದು ಬೈದಳು. ಪಕ್ಕದವಳು ತಿರುಗಿ ನೋಡುವಷ್ಟು ಜೋರಾಗಿ ಬೈದಳು. ಆಮೇಲೆ ಪಲ್ಯೆಯ ಮೇಲೆ ನೀರು ಚಿಮುಕಿಸುತ್ತ ಸಣ್ಣ ದನಿಯಲ್ಲಿ, ‘ಆದ್ರ ನಾನೂ ಖರೆ ಹೇಳ್ತೀನಿ. ಅವತ್ತ ನೀ ಹಿಂಗ ಬಂದಿದ್ರ, ನಂದೊಂದ ಹೊಡಿ ಅಂತ ಕರೀತಿದ್ನೋ ಇಲ್ಲೋ’ ಎಂದಳು.

ಯಾರೂ ನನಗೆ ಇಷ್ಟು ನೇರವಾಗಿ ಹೇಳಿರಲಿಲ್ಲ. ಎದೆಯ ಮೇಲಿನ ಕಲ್ಲು ಸ್ವಲ್ಪ ಸರಿಯಿತು, ತ್ರಿಶಲಾ. ಸಮಾಧಾನ ಅಂತಲ್ಲ. ಆದರೆ ಆವತ್ತಿನಿಂದ ಕೂತಲ್ಲಿ ಸ್ವಲ್ಪ ಹೊತ್ತು ಕೂಡಲು ಆಗುತ್ತಿದೆ.

ಫೋಟೋದ ಮಾತು ನಾನೂ ತೆಗೆಯಲಿಲ್ಲ, ಅವಳೂ ತೆಗೆಯಲಿಲ್ಲ.

ಮುನೇರಾ


ಜಮಖಂಡಿ
೨೩ ಫೆಬ್ರುವರಿ ೨೦೨೫

ತ್ರಿಶಲಾ,

ನೀನು ಬಂದು ಉಂಡು ಹೋದ ಮೇಲೆ ಮನೆ ಖಾಲಿ ಎನಿಸಿತು ಎಂದು ಅಮ್ಮಿ ಹೇಳುತ್ತಾಳೆ. ನಾವಿಬ್ಬರೂ ಹೆಚ್ಚು ಮಾತಾಡಲಿಲ್ಲ. ಅದೂ ಸರಿಯೇ. ಶೇವಂತಿಯವರ ಮಗಳು ಮಗುವಿನ ಮೊದಲ ಕೂದಲು ತೆಗೆಸುವ ಜಾವಳಕ್ಕೆ ನನ್ನನ್ನೇ ಕರೆದಿದ್ದಾಳೆ.

ನಿನ್ನೆ ಬನಹಟ್ಟಿಗೆ ಹೋದೆ. ನಡುಮಧ್ಯಾಹ್ನ. ಬಸ್ ಸ್ಟ್ಯಾಂಡಿನ ತಗಡಿನ ನೆರಳಿನಲ್ಲಿ ಬಸ್ಸಿಗೆ ಕಾಯುವವರು ಇಪ್ಪತ್ತು ಜನ ಇದ್ದರು. ಬಟ್ಟೆಯ ಗಂಟು ಹೊತ್ತವರು, ಮಗುವಿಗೆ ಹಾಲು ಕುಡಿಸುವವಳು, ಪೇಪರು ಓದುವವರು. ನಾನು ಎಂದಿನ ಹಾಗೆ ಧ್ವಜ, ಜೀಪು, ಕಳಸ ಎಂದು ನೋಡಲು ಶುರುಮಾಡಿದೆ. ಒಂದು ಸಲ ತಿರುಗಿ ಬಸ್ಸಿನವರೆಗೆ ಹೋಗಿಯೂ ಬಂದೆ. ಆಮೇಲೆ ನನಗೆ ಬೇಸರವಾಯಿತು. ಎಲ್ಲರಿಗೂ ಕೇಳುವ ಹಾಗೆ ಕೂಗಿ ಹೇಳಿದೆ:

‘ನಾ ಮುನೇರಾ ಅತ್ತಾರ, ಜಮಖಂಡಿಯಾಕಿ. ಪುಸ್ತಕಕ್ಕ ಈ ಸ್ಟ್ಯಾಂಡಿನ ಫೋಟೋ ತಗೀತೀನ್ರಿ. ಬ್ಯಾಡ ಅನ್ನವರು ಬಾಜೂಕ ಸರೀರಿ, ನಾ ಏನೂ ಅನ್ನೂದಿಲ್ಲ.’

ಒಬ್ಬರು ಎದ್ದು ಸರಿದರು. ಮತ್ತಿಬ್ಬರು. ಮಗುವಿನ ತಾಯಿ ಕೂತೇ ಇದ್ದಳು, ಅವಳ ಅತ್ತೆ ರಟ್ಟೆ ಹಿಡಿದು ಎಬ್ಬಿಸಿದಳು. ಕಂಬದ ಹತ್ತಿರ ಒಬ್ಬ ಮೊಬೈಲ್ ಎತ್ತಿ ನನ್ನ ವಿಡಿಯೋ ಮಾಡತೊಡಗಿದ. ಆದರೂ ಕಾದೆ, ಸರಿಯುವವರೆಲ್ಲ ಸರಿಯುವವರೆಗೆ. ಉಳಿದವರು ಒಂಬತ್ತು ಜನ. ಒಂಬತ್ತೂ ಮುಖ ನನ್ನ ಕಡೆಗೆ. ಯಾರೂ ನಗುತ್ತಿಲ್ಲ. ನಡುವೆಯೂ ಅಂಚಿನಲ್ಲೂ ಎದ್ದುಹೋದವರ ಜಾಗ ಖಾಲಿ ಇದೆ.

ಇದರ ಜೊತೆ ಆ ಫೋಟೋ ಇದೆ. ಪುಸ್ತಕಕ್ಕೆ ನಾನು ಕೊಡುವ ಕೊನೆಯ ಫೋಟೋ ಇದು. ಖಾಲಿ ಬೆಂಚು ಚೆನ್ನಾಗಿ ಕಾಣುವುದಿಲ್ಲ, ಅಂಚು ಕತ್ತರಿಸೋಣ ಎಂದು ಪ್ರಕಾಶಕರು ಹೇಳಬಹುದು. ಕತ್ತರಿಸಲು ಬಿಡಬೇಡ. ಬಿಟ್ಟರೆ ನನ್ನ ಹೆಸರು ತೆಗೆದುಬಿಡು.

ತೆಗೆದು ಮುಗಿಸಿ ಕ್ಯಾಮೆರಾ ಇಳಿಸಿದೆ. ಬಟ್ಟೆಯ ಗಂಟಿನ ಮೇಲೆ ಕೂತಿದ್ದ ಹಿರಿಯರೊಬ್ಬರು ಕೈ ಎತ್ತಿದರು. ಬಂತು, ಇನ್ನು ಆಧಾರ್ ಕೇಳುತ್ತಾರೆ ಎಂದುಕೊಂಡು ಚೀಲಕ್ಕೆ ಕೈ ಹಾಕಿದೆ.

‘ಇನ್ನೊಂದ ತಗೀರಿ ಬಾಯಾರ,’ ಎಂದರು, ‘ನಾ ಕಣ್ಣ ಮುಚ್ಚಿದ್ನಿ.’

ಇನ್ನೊಂದು ತೆಗೆದೆ.

ಮುನೇರಾ